‘ಗಣಿತಸಾರಸಂಗ್ರಹ’ದ ಘನಮೂಲ ಸೂತ್ರ: ಪರಿಭಾಷೆಯ ಅರ್ಥನಿರ್ಣಯ

ಕನ್ನಡ ನಾಡಿನ ಶಾಸ್ತ್ರಸಾಹಿತ್ಯದ ಅಧ್ಯಯನದಲ್ಲಿ ವ್ಯಾಕರಣ, ಛಂದಸ್ಸು, ಅಲಂಕಾರ ಗ್ರಂಥಗಳಿಗೆ ಸಂದ ಗಮನ ಗಣಿತಗ್ರಂಥಗಳಿಗೆ ಸಂದಿಲ್ಲ. ‘ಕವಿರಾಜಮಾರ್ಗ’ವು ರಚಿತವಾದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ (ಕ್ರಿ.ಶ. 814–878) ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಹುಟ್ಟಿತು. ಮೊದಲನೆಯದನ್ನು ಪದಪದವಾಗಿ ಚರ್ಚಿಸುವ ನಾವು ಎರಡನೆಯದನ್ನು ಸಾಹಿತ್ಯಚರಿತ್ರೆಯ ಒಂದು ವಾಕ್ಯದಲ್ಲಿ ಹೆಸರಿಸಿ ಮುಂದೆ ಸಾಗುತ್ತೇವೆ. ಅದರ ಭಾಷೆ ಸಂಸ್ಕೃತ ಎಂಬುದು ಇದಕ್ಕೆ ಒಂದು ಕಾರಣ. ಅದರ ವಿಷಯ ಗಣಿತ ಎಂಬುದು ಇನ್ನೊಂದು. ಎರಡನೆಯ ಕಾರಣವೇ ಪ್ರಬಲವೆಂದು ತೋರುತ್ತದೆ. ಆದರೆ ಗಣಿತಸೂತ್ರವೂ ಒಂದು ಪಠ್ಯ. ಅದರ ಪದಗಳ ಅರ್ಥವನ್ನು ನಿರ್ಣಯಿಸುವುದು ಭಾಷಾವಿದ್ವಾಂಸರ ಕೆಲಸವೇ. ಲೆಕ್ಕವನ್ನು ಮಾಡಿ ನೋಡದೆ ಆ ನಿರ್ಣಯ ಸಾಧ್ಯವಾಗದು ಎಂಬುದನ್ನು ಘನಮೂಲದ ಸೂತ್ರವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಮಹಾವೀರನು ಹೇಳುವ ಎಂಟು ಪರಿಕರ್ಮಗಳಲ್ಲಿ ಘನವು ಐದನೆಯದು, ಘನಮೂಲವು ಆರನೆಯದು. ‘ಘನ’ ಎಂಬ ಪದಕ್ಕೆ ಒಂದು ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದ ಫಲ ಎಂಬುದು ಒಂದು ಅರ್ಥ. ಉದ್ದ, ಅಗಲ, ಆಳಗಳುಳ್ಳ ಆಕೃತಿ ಎಂಬುದು ಇನ್ನೊಂದು. ಗ್ರಂಥದಲ್ಲಿ ಅಗೆತದ ಲೆಕ್ಕಕ್ಕೆಂದೇ ‘ಖಾತವ್ಯವಹಾರ’ ಎಂಬ ಅಧ್ಯಾಯವಿದೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ, ಸೂಳೆಕೆರೆಗಳಂತಹ ಕೆರೆ ಕಾಲುವೆಗಳ ಸೀಮೆಯವರಿಗೆ ಈ ಎರಡನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೂರೂ ಅಳತೆಗಳು ಸಮನಾಗಿರುವ ಒಂದು ಗುಂಡಿಯಿಂದ 13,824 ಘನ ಅಡಿ ಮಣ್ಣು ಹೊರಬಂದಿದ್ದರೆ ಆ ಗುಂಡಿಯ ಒಂದು ಬದಿಯ ಅಳತೆ ಎಷ್ಟು? ಘನಮೂಲದ ಪ್ರಶ್ನೆ ಇದೇ.

ಸೂತ್ರದಲ್ಲಿ ಬರುವ ‘ಭಾಜ್ಯ’, ‘ಶೋಧ್ಯ’ ಎಂಬ ಎರಡು ಪದಗಳು ಓದುಗನನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ‘ಭಾಗಿಸತಕ್ಕದ್ದು’, ‘ಕಳೆಯತಕ್ಕದ್ದು’ ಎಂಬ ನಿಘಂಟಿನ ಅರ್ಥವನ್ನು ಹಿಡಿದರೆ ಯಾವುದನ್ನು ಎಲ್ಲಿ ಭಾಗಿಸಬೇಕೆಂಬುದು ತಿಳಿಯದೆ ಅನ್ವಯವೇ ಕೂಡುವುದಿಲ್ಲ. ವಾಸ್ತವವಾಗಿ ಇವು ಅಂಕಿಯ ಸ್ಥಾನಗಳ ಹೆಸರುಗಳು. ಬಿಡಿಯ ಸ್ಥಾನ ಘನ, ಹತ್ತರದು ಶೋಧ್ಯ, ನೂರರದು ಭಾಜ್ಯ, ಸಾವಿರದ್ದು ಮತ್ತೆ ಘನ. ಹೀಗೆ ಮೂರು ಮೂರಾಗಿ ಎಡಕ್ಕೆ ಸಾಗಬೇಕು. ಆದುದರಿಂದ ಸೂತ್ರದಲ್ಲಿನ ಸಪ್ತಮಿಯನ್ನು ‘ಭಾಜ್ಯವೆಂಬ ಸ್ಥಾನದಲ್ಲಿ’ ಎಂದೇ ಅನ್ವಯಿಸಬೇಕು.

13,824ರಲ್ಲಿ ಎಡತುದಿಯ ಘನಸ್ಥಾನದವರೆಗಿನ ಭಾಗ 13. ಅದರಿಂದ ಕಳೆಯಬಹುದಾದ ಅತಿ ದೊಡ್ಡ ಘನ 8. ಮೂಲದ ಮೊದಲ ಅಂಕಿ 2, ಶೇಷ 5. ಭಾಜ್ಯಸ್ಥಾನದ 8ನ್ನು ಇಳಿಸಿದರೆ 58. ಇದನ್ನು ಮೂಲದ ವರ್ಗದ ಮೂರರಷ್ಟರಿಂದ, ಅಂದರೆ 12ರಿಂದ, ಭಾಗಿಸಿದರೆ ಲಬ್ಧ 4, ಶೇಷ 10. ಶೋಧ್ಯಸ್ಥಾನದ 2ನ್ನು ಇಳಿಸಿದರೆ 102. ಲಬ್ಧದ ವರ್ಗವಾದ 16ನ್ನು ಹಿಂದಿನ ಮೂಲದಿಂದಲೂ ಮೂರರಿಂದಲೂ ಗುಣಿಸಿ ಬಂದ 96ನ್ನು ಕಳೆದರೆ ಉಳಿಯುವುದು 6. ಘನಸ್ಥಾನದ 4ನ್ನು ಇಳಿಸಿದರೆ 64. ಲಬ್ಧದ ಘನವೂ 64. ಶೇಷವಿಲ್ಲ. ಘನಮೂಲ 24. ಇಪ್ಪತ್ತು ಮತ್ತು ನಾಲ್ಕರ ಮೊತ್ತದ ಘನವನ್ನು ಬಿಡಿಸಿದಾಗ ಬರುವ 8000, 4800, 960, 64 ಎಂಬ ನಾಲ್ಕು ಭಾಗಗಳನ್ನೇ ಇಲ್ಲಿ ಒಂದೊಂದಾಗಿ ತೆಗೆಯಲಾಗಿದೆ. ‘ಆರ್ಯಭಟೀಯ’ದಲ್ಲಿ (ಕ್ರಿ.ಶ. 499) ಇರುವುದೂ ಇದೇ ಕ್ರಮ, ಆದರೆ ಅಲ್ಲಿ ಉಳಿದೆರಡು ಸ್ಥಾನಗಳಿಗೆ ‘ಅಘನ’ ಎಂದಷ್ಟೇ ಹೆಸರು. ಮಹಾವೀರನ ಪರಿಭಾಷೆಯಲ್ಲಿ ಸ್ಥಾನದ ಹೆಸರೇ ಅಲ್ಲಿ ಮಾಡಬೇಕಾದ ಕ್ರಿಯೆಯನ್ನೂ ಸೂಚಿಸುತ್ತದೆ. ಬೋಧನೆಯ ದೃಷ್ಟಿಯಿಂದ ಇದು ಮೇಲಾದುದು.

ಸೂತ್ರವು ಎಲ್ಲವನ್ನೂ ಹೇಳುವುದಿಲ್ಲ. 6,859ರ ಮೂಲವನ್ನು ತೆಗೆಯುವಾಗ ಎರಡನೆಯ ಹಂತದಲ್ಲಿ 58ನ್ನು 3ರಿಂದ ಭಾಗಿಸಬೇಕಾಗುತ್ತದೆ. ಲಬ್ಧ 19 ಬರುತ್ತದೆ. ಆದರೆ ಒಂದು ಸ್ಥಾನದಲ್ಲಿ 9ಕ್ಕಿಂತ ಹೆಚ್ಚಿನ ಅಂಕಿ ನಿಲ್ಲದು. 9ನ್ನೇ ಹಿಡಿದು ಮುಂದುವರಿದರೆ ಸರಿಯಾಗಿ 19 ಎಂಬ ಮೂಲ ದೊರೆಯುತ್ತದೆ. ಇಂತಹ ಎಚ್ಚರವು ಗುರುಮುಖದಿಂದ, ಇಲ್ಲವೇ ಟೀಕೆಯಿಂದ ಬರಬೇಕಾದುದು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಪ್ರಕಟಿಸಲು ಬಳಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳೂ ಇದ್ದವೆಂಬುದು ಗಮನಾರ್ಹ. ಅಂಕಿಯೊಂದು ಅಳಿಸಿಹೋದ ಪ್ರತಿಯನ್ನು ಪರಿಷ್ಕರಿಸುವಾಗ ಪಾಠಾಂತರಗಳ ತೂಕಕ್ಕಿಂತ ಲೆಕ್ಕದ ಶೇಷವೇ ಹೆಚ್ಚು ನಂಬತಕ್ಕ ಸಾಕ್ಷಿ.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಕೃತಿಗಳಿಂದ ಗಣಿತವನ್ನು ಕನ್ನಡಕ್ಕೆ ತಂದನು. ಅವನ ಇನ್ನೊಂದು ಕೃತಿಯ ಹೆಸರು ‘ಚಿತ್ರಹಸುಗೆ’. ಪಾಲು ಎಂಬ ಅರ್ಥದ ‘ಹಸುಗೆ’ಯಂತಹ ದೇಶ್ಯ ಪದ ಗ್ರಂಥದ ಹೆಸರಿನಲ್ಲಿಯೇ ನಿಂತಿರುವಾಗ, ಘನಮೂಲವು ಇಂದಿಗೂ ಘನಮೂಲವಾಗಿಯೇ ಉಳಿದಿರುವುದು ಕುತೂಹಲಕರ. ಪಾಲು ಹಂಚುವುದು ಮನೆಮನೆಯ ವ್ಯವಹಾರ. ಘನಮೂಲ ತೆಗೆಯುವುದು ಬಲ್ಲವರ ವಿದ್ಯೆ.

ಇದೇ ಶತಮಾನದ ಭಾಸ್ಕರಾಚಾರ್ಯನ (ಜನನ 1114) ‘ಬೀಜಗಣಿತ’ದಲ್ಲಿ ಘನವು ಅವ್ಯಕ್ತರಾಶಿಗೂ ಸೇರುತ್ತದೆ. ಅವನ ಊರಾದ ವಿಜ್ಜಡವಿಡವು ವಿಜಯಪುರವೋ ಅಲ್ಲವೋ ಎಂಬ ವಿವಾದ ಇಲ್ಲಿ ಅಪ್ರಸ್ತುತ. ಅಲ್ಲಿ ‘ಯಾ’ ಎಂದರೆ ಯಾವತ್ತಾವತ್, ಅಂದರೆ ಅವ್ಯಕ್ತರಾಶಿ. ‘ಯಾ ವ’ ಅದರ ವರ್ಗ, ‘ಯಾ ಘ’ ಅದರ ಘನ, ‘ರೂ’ ವ್ಯಕ್ತಸಂಖ್ಯೆ. ಲಿಪಿಕಾರನು ‘ಘ’ವನ್ನು ಬಿಟ್ಟರೆ ಸಮೀಕರಣವೇ ಬೇರೆಯಾಗುತ್ತದೆ. ಹನ್ನೆರಡರಷ್ಟಕ್ಕೆ ತನ್ನ ಘನವನ್ನು ಕೂಡಿದಾಗ ತನ್ನ ವರ್ಗದ ಆರರಷ್ಟಕ್ಕೆ 35 ಸೇರಿದಷ್ಟಾಗುವ ರಾಶಿ ಯಾವುದೆಂಬುದು ಅಲ್ಲಿನ ಪ್ರಶ್ನೆ. ವರ್ಗದ ಆರರಷ್ಟನ್ನೂ 8ನ್ನೂ ಎರಡು ಕಡೆಯಿಂದಲೂ ಕಳೆದರೆ ಎಡಗಡೆ ಉಳಿಯುವುದು, ರಾಶಿಯಲ್ಲಿ ಎರಡು ಕಡಿಮೆ ಮಾಡಿದ ಸಂಖ್ಯೆಯ ಘನ, ಬಲಗಡೆ 27. ಘನಮೂಲ 3, ರಾಶಿ 5. ತಾಳೆ ನೋಡಿದರೆ ಎರಡು ಕಡೆಯೂ 185. ಆದರೆ ಕಳೆಯಬೇಕಾದುದು 8 ಎಂದು ತಿಳಿಸುವ ಸೂತ್ರವಿಲ್ಲ. ಇಂತಹ ಕಡೆ ಸ್ವಬುದ್ಧಿಯೇ ಗತಿ ಎಂಬುದು ಭಾಸ್ಕರನ ನಿಲುವು. ಎಲ್ಲ ಘನಸಮೀಕರಣಗಳಿಗೂ ಅನ್ವಯಿಸುವ ಬೀಜಗಣಿತದ ವಿಧಾನವು ಇಟಲಿಯ ಕಾರ್ಡಾನೋನ ಗ್ರಂಥದ ಮೂಲಕ ಪ್ರಕಟವಾದುದು 1545ರಲ್ಲಿ. ಅಲ್ಲಿಯೂ ಕೊನೆಯ ಹಂತದಲ್ಲಿ ತೆಗೆಯಬೇಕಾದುದು ಘನಮೂಲವನ್ನೇ.