ಆಗಸ್ಟ್ 15: ನಮ್ಮ ಓಣಿಯ ಬಾವುಟ

ಸ್ವಾತಂತ್ರ್ಯದ 75 ವರ್ಷ ತುಂಬಿದ 2022ರ ಆಗಸ್ಟ್ 15ರಂದು ಹೊಸಪೇಟೆಯ ಜಿಲ್ಲಾ ಕ್ರೀಡಾಂಗಣದಲ್ಲಿ 405 ಅಡಿ ಎತ್ತರದ ಕಂಬದ ಮೇಲೆ ತ್ರಿವರ್ಣ ಧ್ವಜ ಹಾರಿತು. ದೂರದಿಂದಲೇ ಕಾಣುವ ಕಂಬ. ಆದರೆ ಈ ಹಬ್ಬ ನಮ್ಮದಾಗುವುದು ಓಣಿಯ ಕಟ್ಟೆಯ ಮೇಲೆ, ಮನೆಯ ಮಾಳಿಗೆಯ ಮೇಲೆ ನಮ್ಮ ಕೈಯಾರೆ ಬಾವುಟ ಏರಿಸಿದಾಗ. ಅದಕ್ಕೆ ಉತ್ಸಾಹದ ಜೊತೆಗೆ ಒಂದಿಷ್ಟು ತಿಳಿವಳಿಕೆಯೂ ಬೇಕು.

ನಮ್ಮ ಭಾಗದಲ್ಲಿ ಈ ದಿನಕ್ಕೆ ಬೇರೆಯದೇ ತೂಕವಿದೆ. 1947ರಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಅದು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾದದ್ದು 1949ರ ಏಪ್ರಿಲ್ 1ರಂದು. ಹೊಳೆಯಾಚೆಯ ಆನೆಗೊಂದಿ, ಗಂಗಾವತಿ ನಿಜಾಮನ ಆಳ್ವಿಕೆಯಲ್ಲಿದ್ದವು. ಅಲ್ಲಿಗೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಹರಿಗೋಲು ಹತ್ತಿದರೆ ಕೆಲವೇ ನಿಮಿಷದ ದಾರಿ, ಸ್ವಾತಂತ್ರ್ಯಕ್ಕೆ ಮಾತ್ರ ಹದಿಮೂರು ತಿಂಗಳ ದಾರಿಯಾಯಿತು. ಆ ಕಾಲವನ್ನು ಕಂಡ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ ಧ್ವಜ ಏರಿಸಲು ಅವರನ್ನೇ ಕರೆಯಿರಿ. ಆಮೇಲೆ ಮಕ್ಕಳೆದುರು ನಾಲ್ಕು ಮಾತಾಡಿಸಿ. ಭಾಷಣಕಾರರನ್ನು ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ಸರ್ಕಾರಿ ಆಚರಣೆಯಲ್ಲಿ ಸಂಘ ಅಥವಾ ಶಾಲೆಯ ಪರವಾಗಿ ಭಾಗವಹಿಸಬೇಕೆಂದರೆ ತಹಶೀಲ್ದಾರ್ ಕಚೇರಿಯಲ್ಲಿ ನಡೆಯುವ ಪೂರ್ವಭಾವಿ ಸಭೆಗೆ ಹೋಗಿ. ಮೆರವಣಿಗೆ, ಮಕ್ಕಳ ನೃತ್ಯ, ಸನ್ಮಾನ ಎಲ್ಲ ಅಲ್ಲೇ ತೀರ್ಮಾನವಾಗುತ್ತವೆ. ಜಿಲ್ಲಾ ಮಟ್ಟದ ಕಾರ್ಯಕ್ರಮ ಹೊಸಪೇಟೆ, ಹಂಪಿಯವರಿಗೆ ವಿಜಯನಗರ ಜಿಲ್ಲೆಯದು, ಸಂಡೂರು, ಕಂಪ್ಲಿಯವರಿಗೆ ಬಳ್ಳಾರಿಯದು.

ಇನ್ನು ಬಾವುಟದ ವಿಷಯ. ಉದ್ದ-ಅಗಲದ ಪ್ರಮಾಣ 3:2 ಇರಬೇಕು, ಅಶೋಕ ಚಕ್ರದಲ್ಲಿ 24 ಅರೆಗಳಿರಬೇಕು. ಮನೆಗೆ 900×600 ಅಥವಾ 450×300 ಮಿಲಿಮೀಟರ್ ಅಳತೆ ಹೊಂದುತ್ತದೆ. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ತಿದ್ದುಪಡಿಯಾದ ಮೇಲೆ ಪಾಲಿಯೆಸ್ಟರ್ ಬಟ್ಟೆಯೂ, ಯಂತ್ರದಲ್ಲಿ ನೇಯ್ದದ್ದೂ ನಡೆಯುತ್ತದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ಸಿಕ್ಕರೆ ಅದನ್ನೇ ಕೊಳ್ಳಿ ಎಂಬುದು ನನ್ನ ಕೋರಿಕೆ. ನಮ್ಮದೇ ನಾಡಿನ ಹೆಣ್ಣುಮಕ್ಕಳ ದುಡಿಮೆ ಅದರಲ್ಲಿದೆ.

ಹಿಂದಿನ ಸಂಜೆಯೇ ಹಗ್ಗ ಎಳೆದು ನೋಡಿ. ಆಗಸ್ಟ್ ಎಂದರೆ ಇಲ್ಲಿ ಗಾಳಿ, ಜಿಟಿಜಿಟಿ ಮಳೆ. ನೆನೆದ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡರೆ ಬಾವುಟ ಅರ್ಧಕ್ಕೇ ನಿಲ್ಲುತ್ತದೆ. ಕೇಸರಿ ಮೇಲಿದೆಯೇ ಎಂದು ಕಟ್ಟುವವರ ಜೊತೆ ಇನ್ನೊಬ್ಬರೂ ನೋಡಲಿ. ಒಳಗೆ ಹೂವಿನ ಎಸಳು ಇಟ್ಟು ಕಟ್ಟಲು ಅಡ್ಡಿಯಿಲ್ಲ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಗೋಡೆಗೆ ಉದ್ದುದ್ದ ತೂಗುಹಾಕಿದರೆ ಕೇಸರಿ ಪಟ್ಟಿ ನೋಡುವವರ ಎಡಕ್ಕೆ ಬರಬೇಕು. ನಾಡಧ್ವಜವಾಗಲಿ, ಸಂಘದ ಧ್ವಜವಾಗಲಿ ಅದೇ ಕಂಬದ ಮೇಲಾಗಲಿ, ರಾಷ್ಟ್ರಧ್ವಜದ ಪಕ್ಕದಲ್ಲಿ ಅದರ ಸರಿಸಮವಾಗಿ ಆಗಲಿ ಇರಕೂಡದು. ಕಾರು, ಟ್ರ್ಯಾಕ್ಟರುಗಳಿಗೆ ಧ್ವಜ ಹೊದಿಸುವುದೂ ತಪ್ಪು. 2022ರ ಜುಲೈ ತಿದ್ದುಪಡಿಯಿಂದ ಮನೆಯ ಧ್ವಜ ರಾತ್ರಿಯೂ ಹಾರಬಹುದು. ಆದರೆ ಹರಿದದ್ದು, ಮಾಸಿದ್ದು ಹಾರಬಾರದು. ಸಂಡೂರಿನ ಅದಿರು ಲಾರಿಗಳ ದಾರಿಯ ಮನೆಗಳವರಿಗೆ ಇದು ನಿಜವಾದ ತೊಂದರೆ. ಕೆಂಪು ದೂಳು ಬಿಳಿಯ ಪಟ್ಟಿಯ ಮೇಲೆ ಬೇಗ ಕೂರುತ್ತದೆ. ಅಲ್ಲಿಯವರು ಸಂಜೆಗೇ ಇಳಿಸುವುದು ಲೇಸು.

ಹಂಪಿಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಸಾಲುಮಂಟಪದ ಕಂಬಕ್ಕೆ ಮೊಳೆ ಹೊಡೆದು, ಬಣ್ಣ ಬಳಿದು, ಬ್ಯಾನರ್ ಅಂಟಿಸಿ ದೇಶಭಕ್ತಿ ತೋರಿಸಬೇಡಿ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾನೂನಿನ ಮಾತು ಹಾಗಿರಲಿ, ಆ ಕಲ್ಲುಗಳೂ ಈ ದೇಶದ ಗೌರವವೇ ತಾನೆ. ನಿಮ್ಮ ಮನೆಯಂಗಳದಲ್ಲಿ ಗಳು ನೆಡಿ, ಸ್ಮಾರಕದ ಸುತ್ತ ಕಸ ಹೆಕ್ಕಿ.

ಇಳಿಸಿದ ಮೇಲೆ ಮಡಿಸುವುದಕ್ಕೂ ಕ್ರಮವಿದೆ. ಬಾವುಟವನ್ನು ಅಡ್ಡಲಾಗಿ ಹಿಡಿದು ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ. ಆಮೇಲೆ ಎರಡೂ ಬದಿಯಿಂದ ಬಿಳಿಯನ್ನು ಒಳಕ್ಕೆ ಮಡಿಸುತ್ತ ಬನ್ನಿ. ಕೊನೆಗೆ ಚಕ್ರ, ಜೊತೆಗೆ ಕೇಸರಿ-ಹಸಿರಿನ ಅಂಚು ಮಾತ್ರ ಕಾಣಬೇಕು. ಅಂಗೈಯಲ್ಲಿ ಹೊತ್ತು ಒಯ್ದು ಮುಂದಿನ ವರ್ಷಕ್ಕೆ ಎತ್ತಿಡಿ. ಹರಿದು ಹೋದದ್ದನ್ನು ಕಸದ ಗಾಡಿಗೆ ಹಾಕಬೇಡಿ. ನಾಲ್ಕು ಜನರ ಕಣ್ಣಿಗೆ ಬೀಳದಂತೆ, ಮರ್ಯಾದೆಯಿಂದ, ಆದಷ್ಟೂ ಸುಟ್ಟು, ವಿಲೇವಾರಿ ಮಾಡಬೇಕು ಎನ್ನುತ್ತದೆ ಸಂಹಿತೆ. ಮಕ್ಕಳ ಕೈಯ ಕಾಗದದ ಧ್ವಜಗಳನ್ನೂ ನೆಲಕ್ಕೆ ಬಿಡಕೂಡದು.

ಆಗಸ್ಟ್ 16ರ ಬೆಳಿಗ್ಗೆ ಓಣಿಯ ಇಬ್ಬರು ಮೂವರು ಒಂದು ಚೀಲ ಹಿಡಿದು ಶಾಲೆಯ ದಾರಿಯುದ್ದಕ್ಕೂ ನಡೆದು ಬನ್ನಿ. ಚರಂಡಿಯ ಪಕ್ಕ ಬಿದ್ದ ಒಂದೊಂದು ಪುಟ್ಟ ಬಾವುಟವನ್ನೂ ಎತ್ತಿಕೊಳ್ಳಿ.