ಒಂದು ಮನೆಗೆ ಒಂದೇ ಪಡೆ

ಚೆನ್ನೆಮಣೆ ಆಡಿದವರಿಗೆ ಗೊತ್ತು, ಒಂದು ಗುಳಿಯಲ್ಲಿ ಎಷ್ಟು ಕಾಯಿಗಳಾದರೂ ಸೇರಬಹುದು. ಚದುರಂಗದಲ್ಲಿ ಹಾಗಲ್ಲ, ಒಂದು ಮನೆಯಲ್ಲಿ ಒಂದೇ ಕಾಯಿ. ಇಷ್ಟೇ ವ್ಯತ್ಯಾಸದಿಂದ ಆಟದ ಸ್ವಭಾವವೇ ಬೇರೆಯಾಗಿಬಿಡುತ್ತದೆ. 'ಸಿವಿಲೈಸೇಶನ್' ಎಂಬ ಪ್ರಸಿದ್ಧ ಕಂಪ್ಯೂಟರ್ ಆಟದ ನಾಲ್ಕನೆಯ ಭಾಗ ಹೋಗಿ ಐದನೆಯದು ಬಂದಾಗ ನಡೆದದ್ದೂ ಇಂಥದೇ ಬದಲಾವಣೆ.

ಅಮೆರಿಕದ ಸಿಡ್ ಮಯರ್ 1991ರಲ್ಲಿ ಆರಂಭಿಸಿದ ಆಟಮಾಲೆ ಇದು. ಆಟಗಾರನು ಒಂದು ಜನಾಂಗದ ನಾಯಕನಾಗಿ ಪ್ರಾಚೀನ ಕಾಲದಿಂದ ಆಧುನಿಕ ಯುಗದವರೆಗೆ ಅದನ್ನು ನಡೆಸಿಕೊಂಡು ಬರಬೇಕು. ನಗರ ಕಟ್ಟುವುದು, ಹೊಲ ಮಾಡುವುದು, ವಿದ್ಯೆ ಬೆಳೆಸುವುದು, ನೆರೆಯವರೊಡನೆ ಸಂಧಾನ ಅಥವಾ ಯುದ್ಧ ಮಾಡುವುದು, ಎಲ್ಲವೂ ಅವನ ಪಾಲಿನ ಕೆಲಸ. ಅವಸರವಿಲ್ಲ, ಸರದಿಯಂತೆ ಯೋಚಿಸಿ ಆಡುವ ಆಟ.

ಸೊರೆನ್ ಜಾನ್ಸನ್ ಅವರ ಮುಂದಾಳುತನದಲ್ಲಿ ರೂಪುಗೊಂಡ ನಾಲ್ಕನೆಯ ಭಾಗ 2005ರಲ್ಲಿ ಹೊರಬಂತು. ಅದರ ಭೂಪಟದಲ್ಲಿದ್ದವು ಚೌಕದ ಮನೆಗಳು. ಒಂದೇ ಮನೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಪಡೆಗಳನ್ನು ಒಟ್ಟುಹಾಕಬಹುದಾಗಿತ್ತು. ವೈರಿ ಯಾವ ಬಗೆಯ ಪಡೆಯಿಂದ ಮೇಲೆ ಬಿದ್ದರೂ ಅದಕ್ಕೆ ತಕ್ಕ ಪಡೆ ರಾಶಿಯೊಳಗಿಂದ ತಾನಾಗಿ ಮುಂದೆ ಬರುತ್ತಿತ್ತು: ಕುದುರೆಗೆ ಎದುರಾಗಿ ಈಟಿಗಾರ ಬಂದ ಹಾಗೆ. ಆಟಗಾರರು ಇದಕ್ಕೆ 'ವಿನಾಶದ ರಾಶಿ' ಎಂದೇ ಹೆಸರಿಟ್ಟರು. ರಾಶಿಗೆ ಮದ್ದು ಎಂದರೆ ಕಲ್ಲೆಸೆಯುವ ಯಂತ್ರ. ಅದು ಒಂದು ಏಟಿಗೆ ರಾಶಿಯ ಹಲವು ಪಡೆಗಳನ್ನು ಗಾಯಗೊಳಿಸುತ್ತಿತ್ತು. ಆದರೂ ಹೆಚ್ಚಿನ ಯುದ್ಧಗಳು ರಣರಂಗಕ್ಕಿಂತ ಮೊದಲೇ, ಯಾರ ನಗರಗಳು ಹೆಚ್ಚು ಪಡೆ ತಯಾರಿಸಿದವು ಎಂಬಲ್ಲೇ ತೀರ್ಮಾನವಾಗಿಬಿಡುತ್ತಿದ್ದವು.

2010ರ ಸೆಪ್ಟೆಂಬರಿನಲ್ಲಿ ಬಂದ ಐದನೆಯ ಭಾಗದ ಪ್ರಮುಖ ವಿನ್ಯಾಸಕಾರ ಜಾನ್ ಶೇಫರ್. ಎರಡನೆಯ ಮಹಾಯುದ್ಧವನ್ನು ಕುರಿತ 'ಪ್ಯಾಂಜರ್ ಜನರಲ್' ಎಂಬ 1994ರ ಆಟದಿಂದ ಇವರು ಸ್ಫೂರ್ತಿ ಪಡೆದಿದ್ದರು. ಚೌಕಗಳನ್ನು ತೆಗೆದು ಜೇನುಗೂಡಿನ ಕಣಗಳಂಥ ಆರು ಬದಿಯ ಮನೆಗಳನ್ನಿಟ್ಟರು. ಒಂದು ಮನೆಗೆ ಒಂದೇ ಸೇನಾಪಡೆ ಎಂಬ ನಿಯಮ ತಂದರು.

ಇದರ ಪರಿಣಾಮ ನೋಡಿ. ಬಿಲ್ಲುಗಾರರು ಈಗ ಎರಡು ಮನೆ ದೂರದಿಂದ ಬಾಣ ಬಿಡಬಲ್ಲರು. ಆದ್ದರಿಂದ ಅವರನ್ನು ಹಿಂದೆ ನಿಲ್ಲಿಸಿ, ಮುಂದೆ ಈಟಿಗಾರರ ಸಾಲು ಕಟ್ಟಬೇಕು. ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಒಂದೇ ಪಡೆ ನಿಂತು ದೊಡ್ಡ ಸೈನ್ಯವನ್ನು ತಡೆಯಬಹುದು. ವೈರಿಯನ್ನು ಹಲವು ಬದಿಯಿಂದ ಸುತ್ತುವರಿದರೆ ದಾಳಿಯ ಬಲ ಏರುತ್ತದೆ. ಮೊದಲೆಲ್ಲ ಕಾವಲಿಲ್ಲದ ನಗರಕ್ಕೆ ಶತ್ರು ನಡೆದೇ ಒಳಹೋಗಬಹುದಿತ್ತು. ಈಗ ನಗರವೇ ಹತ್ತಿರ ಬಂದವರ ಮೇಲೆ ಪ್ರಹಾರ ಮಾಡುತ್ತದೆ. ಹಿಂದೆ ಸಾಮಾನ್ಯವಾಗಿ ಒಂದು ಕಾಳಗವೆಂದರೆ ಒಂದು ಕಡೆಯ ಅಳಿವು. ಈಗ ಎರಡೂ ಕಡೆ ಗಾಯಗೊಂಡು ಉಳಿಯುವುದೇ ಹೆಚ್ಚು. ಸೋತ ಪಡೆಯನ್ನು ಹಿಂದಕ್ಕೆ ಕರೆಸಿ ಸುಧಾರಿಸಿಕೊಳ್ಳಬಹುದು. ಕಬ್ಬಿಣಕ್ಕೂ ಲೆಕ್ಕ ಬಂತು. ಮೊದಲು ಒಂದು ಗಣಿಯಿದ್ದರೆ ಎಷ್ಟು ಖಡ್ಗಧಾರಿ ಪಡೆಗಳನ್ನಾದರೂ ಕಟ್ಟಬಹುದಿತ್ತು. ಈಗ ಒಂದು ಪಡೆಗೆ ಒಂದು ಪಾಲು ಕಬ್ಬಿಣ ಬೇಕು. ಹೀಗಾಗಿ ಇರುವ ನಾಲ್ಕಾರು ಪಡೆಗಳ ಮೇಲೆ ಆಟಗಾರನಿಗೆ ಅಕ್ಕರೆ ಹುಟ್ಟುತ್ತದೆ.

ಆದರೆ ಈ ಲಾಭ ಪುಕ್ಕಟೆಯಾಗಿ ಬರಲಿಲ್ಲ. ರಾಶಿ ಹಾಕಿ ನುಗ್ಗುವುದು ಯಂತ್ರಕ್ಕೂ ಸುಲಭವಾಗಿತ್ತು. ಸಾಲು ಕಟ್ಟುವುದು, ಹಿಂಜರಿಯುವುದು, ದಾರಿ ಬಿಡುವುದು ಅದಕ್ಕೆ ಒಲಿಯಲಿಲ್ಲ. ಕಂಪ್ಯೂಟರ್ ನಡೆಸುವ ಸೈನ್ಯಗಳು ಬಿಲ್ಲುಗಾರರನ್ನೇ ಮುಂದೂಡಿ ಕಳೆದುಕೊಳ್ಳುತ್ತಿದ್ದವು; ಚುರುಕು ಮನುಷ್ಯ ಕೆಲವೇ ಪಡೆಗಳಿಂದ ಅವುಗಳನ್ನು ಸೋಲಿಸುತ್ತಿದ್ದ. ದಾರಿಗಳಲ್ಲಿ ಪಡೆಗಳು ಒಂದಕ್ಕೊಂದು ಅಡ್ಡವಾದವು. ಭೂಪಟ ತುಂಬಿಹೋಗದಂತೆ ಪಡೆಗಳ ತಯಾರಿಯನ್ನೇ ನಿಧಾನಗೊಳಿಸಬೇಕಾಯಿತು, ಅದರಿಂದ ಸುಮ್ಮನೆ ಕಾಯುವ ಹೊತ್ತು ಹೆಚ್ಚಿತು ಎಂದು ಶೇಫರ್ ಅವರೇ ಕೆಲವು ವರ್ಷಗಳ ಬಳಿಕ ಒಪ್ಪಿಕೊಂಡರು. ಯುದ್ಧದ ಒಂದು ನಿಯಮ ನಗರದ ಕಮ್ಮಾರಸಾಲೆಯವರೆಗೂ ಕೈಚಾಚಿತ್ತು.

ಮುಂದೆ ಬಂದವರು ನಡುದಾರಿ ಹುಡುಕಿದ್ದಾರೆ. 2016ರ ಆರನೆಯ ಭಾಗದಲ್ಲಿ ಎರಡು ಮೂರು ಪಡೆಗಳನ್ನು ಬೆಸೆದು ಒಂದಾಗಿಸುವ ಅವಕಾಶ ಬಂತು. 2025ರ ಏಳನೆಯ ಭಾಗದಲ್ಲಿ ದಳಪತಿಯೊಬ್ಬ ಕೆಲವು ಪಡೆಗಳನ್ನು ಒಟ್ಟುಗೂಡಿಸಿ ಒಯ್ದು, ರಣರಂಗದಲ್ಲಿ ಬಿಡಿಸಿ ನಿಲ್ಲಿಸುತ್ತಾನೆ. ಪಯಣಕ್ಕೆ ರಾಶಿ, ಕಾಳಗಕ್ಕೆ ಸಾಲು ಎಂಬ ಏರ್ಪಾಡು. ಒಂದು ಮನೆಗೆ ಒಂದೇ ಪಡೆ ಎಂಬ ಮೂಲಸೂತ್ರವನ್ನು ಮಾತ್ರ ಯಾರೂ ಪೂರ್ತಿ ಕೈಬಿಟ್ಟಿಲ್ಲ.

ಮನೆಯ ಮಕ್ಕಳು ಈ ಆಟದ ಮುಂದೆ ಕುಳಿತಿದ್ದರೆ ಗದರುವ ಮೊದಲು ಒಂದು ಮಾತು ಕೇಳಿ ನೋಡಿ: 'ಬಿಲ್ಲುಗಾರರನ್ನು ಹಿಂದೆ ನಿಲ್ಲಿಸಿದ್ದು ಯಾಕೆ?' ಥಟ್ಟನೆ ಸರಿಯಾದ ಉತ್ತರ ಬಂದರೆ, ಕುಳಿತ ಹೊತ್ತೆಲ್ಲ ವ್ಯರ್ಥವಾಗಿಲ್ಲ ಎಂದು ತಿಳಿಯಬಹುದು.