ಕುರಿ ಮಾರಿದ ದುಡ್ಡು, ಸಮೀಕ್ಷೆಯ ಅಂಕ

ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಪ್ರಾಣಿ–ಪಕ್ಷಿಗಳಿಗಾಗಿ ನೀರಿನ ಕಟ್ಟೆ ಕಟ್ಟಿದ್ದು ಕುರಿ ಮಾರಿದ ದುಡ್ಡಿನಲ್ಲಿ. ಪ್ರಶಸ್ತಿಯಾಗಿ ಬಂದ ಹಣವೂ ಅದಕ್ಕೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಅವರನ್ನು ಸ್ಮರಿಸಿದರು. 2022ರಲ್ಲಿ ಅವರು ತೀರಿಕೊಂಡರು.

ದೊಡ್ಡ ಮೊತ್ತವಿಲ್ಲದವರೂ ಕೊಡಬಲ್ಲರು.

ಮಂಡ್ಯ, ಮದ್ದೂರಿನಿಂದ ದಿನಾ ಬೆಂಗಳೂರಿನ ರೈಲು ಹತ್ತುವವರ ಕೈಯ ಮೊಬೈಲಿನಲ್ಲೂ ಅಂಥದೊಂದು ದಾರಿಯಿದೆ: ಆನ್‌ಲೈನ್ ಸಮೀಕ್ಷೆ. ಮನೆಯಲ್ಲಿ ಯಾವ ಸೋಪು, ಯಾವ ಜಾಹೀರಾತು ನೆನಪಿದೆ? ಗ್ರಾಹಕರ ಮನಸ್ಸು ತಿಳಿಯಲು ಕಂಪನಿಗಳು ಹಣ ಕೊಡುತ್ತವೆ. ಅದರಲ್ಲಿ ಚೂರು ಪಾಲು ಉತ್ತರಿಸಿದವರಿಗೆ ಅಂಕಗಳಾಗಿ ಬರುತ್ತದೆ. ಅಂಕ ಕೂಡಿದಾಗ ನಗದು ಇಲ್ಲವೇ ಗಿಫ್ಟ್ ಕಾರ್ಡ್. ಕೆಲವು ಸಂಸ್ಥೆಗಳು ಅದನ್ನು ನೇರ ದಾನ ಮಾಡಲೂ ಬಿಡುತ್ತವೆ.

2007ರಲ್ಲಿ ಅಮೆರಿಕದ ಜಾನ್ ಬ್ರೀನ್ ಆರಂಭಿಸಿದ ‘ಫ್ರೀರೈಸ್’ ಇದರ ಹತ್ತಿರದ ಬಂಧು. ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ ಅಕ್ಕಿ ಕಾಳುಗಳ ಲೆಕ್ಕದಲ್ಲಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ನೆರವು ಸೇರುತ್ತದೆ.

ಆದರೆ ಮೊದಲೇ ‘ನೋಂದಣಿ ಶುಲ್ಕ’ ಕೇಳುವ, ಬ್ಯಾಂಕಿನ ಒಟಿಪಿ ಬೇಡುವ ಸಮೀಕ್ಷೆ ಮೋಸವೇ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದಾನ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಕಾಯ್ದೆಯ 80ಜಿ ನೋಂದಣಿ ಇದೆಯೇ ಎಂದು ಕೇಳಿ, ರಸೀದಿ ಪಡೆಯಬೇಕು.